ಕುದಿಯದೆ ನಿಂತಿದ್ದ ನೀರು

ಕೋಟೆ ಬೀದಿಯ ನಮ್ಮ ಮನೆಯಲ್ಲಿ ಹೋಳಿಗೆಯ ಬೇಳೆಯನ್ನು ಪೂರ್ತಿ ಬೇಯಲು ಬಿಡುವುದಿಲ್ಲ. ಕುಕ್ಕರಿಗೆ ಧಾರಾಳವಾಗಿ ನೀರು ಹಾಕಿ, ಒಂದು ವಿಷಲ್ ಕೂಗಿದೊಡನೆ ಆವಿ ತೆಗೆದು, ಸಾರಿಗೆಂದು ಕಟ್ಟು ಬಸಿದುಕೊಳ್ಳುತ್ತೇವೆ. ತಡವಾದರೆ ಬೇಳೆ ಕರಗಿ ಹೂರಣ ಉಂಡೆ ಕಟ್ಟಲು ಬರುವುದಿಲ್ಲ.

ಕಳೆದ ಯುಗಾದಿಗೆ ಬೇಳೆ ಇಟ್ಟವಳು ನನ್ನ ಅತ್ತಿಗೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ನಮ್ಮಲ್ಲಿ ಅವಳಿಗೆ ಅದು ಮೊದಲ ಹಬ್ಬ. ಕಬ್ಬಿಣವನ್ನೇ ಕರಗಿಸುವ ಊರಿನವರು ಬೇಳೆ ಉಳಿಸುತ್ತಾರೆಯೇ ಎಂದು ಅಮ್ಮ ಬೆಳಿಗ್ಗೆಯಿಂದ ಛೇಡಿಸುತ್ತಿದ್ದಳು.

ವಿಷಲ್ ಶುರುವಾಗಿ ಅರ್ಧಕ್ಕೇ ನಿಂತಿತು. ಅತ್ತಿಗೆ ಗ್ಯಾಸ್ ಆರಿಸಿ, ಚಮಚದಿಂದ ವೆಯ್ಟ್ ಎತ್ತಿದಳು. ಏನೂ ಸದ್ದಿಲ್ಲ. ಆವಿ ಹೋಗಿದೆ ಎಂದುಕೊಂಡೆವು. ರಂಧ್ರಕ್ಕೆ ಬೇಳೆಯ ಸಿಪ್ಪೆ ಕಚ್ಚಿಕೊಂಡಿತ್ತು ಎಂದು ತಿಳಿದದ್ದು ಆಮೇಲೆ. ಮುಚ್ಚಳದ ಹಿಡಿ ಜರುಗಲಿಲ್ಲ. ಅವಳು ಸೌಟಿನಿಂದ ಅದನ್ನು ತಟ್ಟುತ್ತಾ ನನ್ನ ಕಡೆ ಮುಖ ತಿರುಗಿಸಿದಳು.

"ಪಾತ್ರೆ ಹಿಡ್ಕೊಳೆ, ಬಸೀತೀನಿ."

ಮುಚ್ಚಳ ಚಾವಣಿಗೆ ಬಡಿಯಿತು. ಅದರ ಹಿಂದೆಯೇ ಬೆಳ್ಳಗಿನ ಕಂಬವೊಂದು ಎದ್ದು ಅಡುಗೆಮನೆಯೆಲ್ಲ ಆವಿ ತುಂಬಿತು. ನನಗೆ ಅತ್ತಿಗೆ ಕಾಣಲಿಲ್ಲ. ಕುಕ್ಕರಿನ ಕೆಳಗೆ ಉರಿ ಇರಲಿಲ್ಲ. ಒಂದು ಕ್ಷಣದ ಹಿಂದೆ ಒಳಗೆ ಗುಳುಗುಳು ಸದ್ದೂ ಇರಲಿಲ್ಲ. ಅಣ್ಣ ಆಮೇಲೆ ವಿವರಿಸಿದ: ಮೇಲಿನ ಆವಿ ಒತ್ತಿ ಹಿಡಿದಿದ್ದರಿಂದ ನೀರು ಕುದಿಯುವ ಶಾಖವನ್ನು ದಾಟಿಯೂ ಕುದಿಯದೆ ನಿಂತಿತ್ತು, ಒತ್ತಡ ತಪ್ಪಿದೊಡನೆ ಒಟ್ಟಿಗೇ ಕುದಿಯಿತು. ನಾನು ದಿನವೂ ಅನ್ನಕ್ಕಿಡುವ ನೀರು ಅದೇ. ಅದರೊಳಗೆ ಇಷ್ಟಿದೆಯೆಂದು ನನಗೆ ಗೊತ್ತಿರಲಿಲ್ಲ.

ಆವಿ ತಿಳಿಯಾದಾಗ ಅತ್ತಿಗೆ ಗೋಡೆಗೊರಗಿ, ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಮೊಣಕೈವರೆಗೆ ಕೆಂಪು. ಅಮ್ಮ ಅವಳನ್ನು ನಲ್ಲಿಯ ಕೆಳಗೆ ಬಗ್ಗಿಸಿ, ಮುಖಕ್ಕೂ ಕೈಗೂ ತಣ್ಣೀರು ಬಿಡುತ್ತಲೇ ಇದ್ದಳು.

"ಕಣ್ಣು ಬಿಡು ಮಾರಾಯ್ತಿ. ಏನು ಕಾಣ್ತಿದೆ ಹೇಳು."

ಅತ್ತಿಗೆ ಒಂದು ಕಣ್ಣು ತೆರೆದಳು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅಮ್ಮನ ಮುಖವನ್ನೇ ನೋಡಿದಳು.

"ನಿಮ್ಮ ಹಣೇಲಿ ಒಂದು ಬೇಳೆ ಕೂತಿದೆ, ಅತ್ತೆ."

ಅಮ್ಮ ಹಣೆ ಮುಟ್ಟಿಕೊಂಡಳು. ಚಾವಣಿಯಿಂದ ಉದುರಿದ ಬೇಳೆ, ಕುಂಕುಮದ ಪಕ್ಕದಲ್ಲಿ, ಕರಗದೆ ಇಡಿಯಾಗಿತ್ತು.