ಹನ್ನೊಂದು ಟವೆಲ್ಲಿನ ಅಲಂಕಾರ

ನಾನು ಮಾತಿನ ಅಲಂಕಾರ ಕಲಿತದ್ದಕ್ಕೆ ಬಿದ್ದ ಬೆಲೆ ಹನ್ನೊಂದು ಟವೆಲ್, ಒಂದು ದೊಡ್ಡ ಚಾದರ, ಮೇಲೆ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋದ ಮೂರು ತಿಂಗಳ ಭಾನುವಾರಗಳು. ಇಷ್ಟೆಲ್ಲ ಯಾಕೆ ಕೊಟ್ಟೆ ಎಂದು ನೀವು ಕೇಳಬೇಕು. ಕೇಳದೆ ಕೊಳ್ಳುವವರನ್ನು ಕಂಡರೆ ವ್ಯಾಪಾರಿಯಾಗಿ ನನಗೆ ಖುಷಿ, ಮನುಷ್ಯನಾಗಿ ಮರುಕ. ಕೇಳಿದಿರಿ ಎಂದೇ ಇಟ್ಟುಕೊಂಡು ಹೇಳುತ್ತೇನೆ: ನನ್ನ ಹೆಂಡತಿ ಸುವರ್ಣಾ ತನ್ನ ತವರಿನಲ್ಲಿ ತಲೆ ಎತ್ತಿ ಕೂಡಬೇಕಾಗಿತ್ತು. ಅದಕ್ಕೆ ಕೊಟ್ಟೆ.

ಇದೆಲ್ಲ ಇವತ್ತು ನೆನಪಾಗಲು ಕಾರಣ ಒಬ್ಬ ಗಿರಾಕಿ. ಬೆಳಿಗ್ಗೆ ಅಂಗಡಿಗೆ ಬಂದವನು ಸತ್ಕಾರಕ್ಕೆಂದು ಐವತ್ತು ಟವೆಲ್ ಕೇಳಿದ. ರಾಶಿ ಹಾಕಿದೆ. ಅವನ ಕಣ್ಣು ಮಾತ್ರ ನನ್ನ ತಲೆಯ ಹಿಂದೆ ಮೊಳೆಗೆ ತೂಗುಹಾಕಿದ್ದ, ಸಾಬೂನಿನ ವಾಸನೆಯ, ಅರ್ಧ ಬಣ್ಣ ಹೋದ ಕೆಂಪು ಟವೆಲ್ಲಿನ ಮೇಲೆ. "ಅದರ ಹಂಗ ಮೆತ್ತಗಿಂದು ತೋರಸ್ರಿ. ಇಲ್ಲಾಂದ್ರ ಅದನ್ನಽ ಕೊಡ್ರಿ" ಎಂದ. ಸರಿಯಾದ ದರ ಬಂದರೆ ನಾನು ಕುಳಿತ ಗಾದಿಯನ್ನೂ ಎದ್ದು ಕಟ್ಟಿಕೊಡುವ ಮನುಷ್ಯ. ಆದರೂ ಬಾಯಿಂದ "ಅದು ಮಾರೂದಲ್ರಿ" ಎಂದು ಬಂತು. ನನಗೇ ಗಾಬರಿಯಾಯಿತು.

ನಮ್ಮ ಕಡೆಯ ಟವೆಲ್ ಪದ್ಧತಿ ನಿಮಗೆ ಗೊತ್ತಿರಬಹುದು, ಇಲ್ಲದಿರಬಹುದು. ಮದುವೆ ಇರಲಿ, ನಿವೃತ್ತಿ ಇರಲಿ, ಗಂಡಸಿಗೆ ಮರ್ಯಾದೆ ಎಂದರೆ ಟವೆಲ್, ಟೋಪಿ, ತೆಂಗಿನಕಾಯಿ. ಕಾಯಿ ಮರುದಿನ ಚಟ್ನಿಯಾಗುತ್ತದೆ. ಟೋಪಿ ಎಲ್ಲಿ ಹೋಗುತ್ತದೆಂದು ಯಾರಿಗೂ ಗೊತ್ತಿಲ್ಲ. ಟವೆಲ್ ಮಾತ್ರ ಮಡಿಕೆ ಬಿಚ್ಚದೆ ಟ್ರಂಕಿಗೆ ಹೋಗಿ, ಮುಂದಿನ ಕಾರ್ಯದಲ್ಲಿ ಮತ್ತೊಬ್ಬನ ಹೆಗಲೇರಿ, ಅವನ ಟ್ರಂಕಿನಿಂದ ಇನ್ನೊಬ್ಬನ ಹೆಗಲಿಗೆ ನಡೆಯುತ್ತದೆ. ನಾನು ಮಾರಿದ ಟವೆಲ್ ನನ್ನ ಹೆಗಲಿಗೇ ಮರಳಿ ಬಂದದ್ದುಂಟು. ಚೀಟಿಯೂ ನನ್ನದೇ, ಮಡಿಕೆಯೂ ನನ್ನದೇ. ಆ ದಿನ ಹಾರದ ನಡುವೆ ನಿಂತು ನಾನು ಯೋಚಿಸಿದ್ದು ಒಂದೇ: ಇವು ಹರಿದು ಹಾಳಾಗುವುದೇ ಇಲ್ಲವಲ್ಲ, ನನ್ನ ಗತಿ ಏನು?

ನಾನು ಹುಟ್ಟಿದ್ದು ಗಡಿಯ ಆಚೆಯ ಹನ್ನೂರಿನಲ್ಲಿ, ಅಂಗಡಿ ಇಟ್ಟದ್ದು ಮಗ್ಗದ ಊರು ಸೊಲ್ಲಾಪುರದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ; ಎಣಿಸುವುದು ಮರಾಠಿಯಲ್ಲಿ, ಬೈಯುವುದು ಎರಡರಲ್ಲೂ. ಕನ್ನಡ ಅಕ್ಷರ ಓದಬಲ್ಲೆ, ಆದರೆ ಬಸ್ಸಿನ ಬೋರ್ಡಿಗಿಂತ ಉದ್ದವಾದ ವಾಕ್ಯ ಬಂದರೆ ದಾರಿಯಲ್ಲೇ ಇಳಿದುಬಿಡುತ್ತಿದ್ದೆ. ಸುವರ್ಣಾಳ ತವರು ಅಕ್ಕಲಕೋಟೆ. ಅವಳ ತಂದೆ ಕಲ್ಲಪ್ಪ ಮಾವ ಟಪಾಲು ಹಂಚಿ ನಿವೃತ್ತರಾದವರು, ಓದು ಬಾರದವರಿಗೆಲ್ಲ ಪತ್ರ ಓದಿಹೇಳಿದವರು. ಆ ಮನೆಯಲ್ಲಿ ಕನ್ನಡದ ಮಾತಿಗೆ ತೂಕ. ಅಂಥಲ್ಲಿ, ಅವಳ ತಮ್ಮ ಮಲ್ಲುವಿನ ಮದುವೆಯಲ್ಲಿ ನನ್ನ ಕೈಗೆ ಮೈಕು ಕೊಟ್ಟರು. ನಾನು ಹೇಳಿದ ಪೂರ್ತಿ ಭಾಷಣ ಇದು: "ಜೋಡಿ ಒಂದ್ ನಂಬರ್ ಐತಿ. ಟಿಕಾವೂ ಐತಿ. ಧನ್ಯವಾದ."

ಟಿಕಾವೂ ಎಂದರೆ ಬಾಳಿಕೆ ಬರುವ ಮಾಲು. ಮದುವೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಹಾರೈಕೆ ಏನಿದೆ, ನೀವೇ ಹೇಳಿ. ಆದರೆ ಹೆಂಗಸರ ಸಾಲಿನಿಂದ ಯಾರೋ "ಗ್ಯಾರಂಟಿ ಕಾರ್ಡ್ ಎಲ್ಲೈತ್ರಿ?" ಎಂದರು, ಮಂಟಪಕ್ಕೆ ಮಂಟಪವೇ ನಕ್ಕಿತು. ಸುವರ್ಣಾ ಸೊಲ್ಲಾಪುರ ಬರುವ ತನಕ ಕಿಟಕಿಯ ಹೊರಗೇ ನೋಡಿದಳು.

ನಾಲ್ಕು ವರ್ಷದ ಮೇಲೆ ಮಾವನವರಿಗೆ ಎಪ್ಪತ್ತೈದು ತುಂಬಿತು. ಮೂರು ತಿಂಗಳ ಮೇಲೆ ಸತ್ಕಾರ ಎಂದು ನಿಶ್ಚಯವಾಯಿತು. ಸುವರ್ಣಾ ನನ್ನ ಮುಂದೆ ನಿಂತು, "ಈ ಸರ್ತಿ ಟವೆಲ್ ಹಾಕ್ರಿ, ಕಾಯಿ ಕೊಡ್ರಿ, ಕೆಳಗ ಬಂದು ಕುಂಡರ್ರಿ. ಮೈಕ್ ಮುಟ್ಟಬ್ಯಾಡ್ರಿ. ಕೈ ಮುಗೀತೀನಿ" ಎಂದಳು. ನಿಜವಾಗಿಯೂ ಕೈ ಮುಗಿದಳು. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಮುಗಿದ ಕೈಗೆ ಪ್ರತಿದರ ಹೇಳಲು ಬರುವುದಿಲ್ಲ.

ಮುಂದಿನ ಭಾನುವಾರವೇ ಅವಳಿಗೆ ವಸೂಲಿ ಎಂದು ಸುಳ್ಳು ಹೇಳಿ ಅಕ್ಕಲಕೋಟೆಯ ಸಿದ್ರಾಮಪ್ಪ ಮಾಸ್ತರರ ಮನೆಗೆ ಹೋದೆ. ಕನ್ನಡ ಶಾಲೆಯಿಂದ ನಿವೃತ್ತರಾದ ಅವರು ಊರಿಗೆಲ್ಲ ಭಾಷಣ ಕಲಿಸುತ್ತಾರೆಂದು ಕೇಳಿದ್ದೆ. ಹೋಗುವಾಗ ಚಾದರ ಒಯ್ದಿದ್ದೆ. ಬರಿಗೈಲಿ ಹೋದರೆ ದರ ಹೆಚ್ಚು ಹೇಳುತ್ತಾರೆ.

"ರೊಕ್ಕ ಬ್ಯಾಡ. ಅಲಂಕಾರಕ್ಕೊಂದು ಟವೆಲ್ ತಾ. ವಾರಕ್ಕೆರಡು ಸತ್ಕಾರ ಇರತಾವ, ನಾನೂ ಮಂದಿಗೆ ಹಾಕಬೇಕಲ್ಲೋ" ಎಂದರು ಮಾಸ್ತರು.

ಅವರ ಪದ್ಧತಿ ಹೀಗಿತ್ತು. ಮಂಚದ ಕೆಳಗೊಂದು ಗಂಟು. ಅದರಲ್ಲಿ ಅಚ್ಚಾದದ್ದೆಲ್ಲ ಇತ್ತು: ಹಳೆಯ ವಾರಪತ್ರಿಕೆ, ಮದುವೆಯ ಕಾರ್ಡು, ಚುನಾವಣೆಯ ಕರಪತ್ರ, ಗೊಬ್ಬರದ ಜಾಹೀರಾತು. ಒಂದು ವಾಕ್ಯ ಎತ್ತಿ ಕೊಡುವರು. ಅದರ ಕಟ್ಟು ಹಾಗೇ ಇಟ್ಟು, ಒಳಗಿನದನ್ನು ತೆಗೆದು ನಮ್ಮದನ್ನು ತುಂಬಬೇಕು. "ಹಾಸು ಅವರದು, ಹೊಕ್ಕು ನಿಂದು. ಮಗ್ಗದ ಊರಾಂವ ಇದ್ದೀ, ಇಷ್ಟು ತಿಳೀಲಿಕ್ಕಿಲ್ಲೇನು?" ತಿಳಿಯಿತು. ಜೀವನದಲ್ಲಿ ಮೊದಲ ಸಲ ಕನ್ನಡ ನನಗೆ ನನ್ನ ಧಂದೆಯ ಹಾಗೆ ಕಂಡಿತು.

ಮೊದಲ ದಿನ ಉಪಮೆ. ಕೊಟ್ಟ ವಾಕ್ಯ: "ಆಕೆಯ ಮುಖ ಹುಣ್ಣಿಮೆಯ ಚಂದ್ರನಂತೆ ಹೊಳೆಯಿತು." ನಾನು ಬರೆದದ್ದು: "ಮಾವನವರ ಮುಖ ಚಂದ್ರನಂತೆ ಹೊಳೆಯಿತು, ಆದರೆ ಹುಣ್ಣಿಮೆಯದಲ್ಲ, ದಶಮಿಯದು."

ಮಾಸ್ತರು ಕನ್ನಡಕ ತೆಗೆದರು. "ಯಾಕೋ ದಶಮಿ?"

"ಪೂರ್ತಿ ಹುಣ್ಣಿವಿ ಅಂದ್ರ ಯಾರು ನಂಬ್ತಾರ್ರಿ ಸರ? ನಾಳೆ ಮಾಲು ವಾಪಸ್ ಬಂದ್ರ?"

"ಟವೆಲ್ಲಿಗೆ ಮೊದಲು ಎಷ್ಟು ಹೇಳ್ತೀ?"

"ನೂರಾ ಇಪ್ಪತ್ತು."

"ಎಷ್ಟಕ್ಕ ಕೊಡ್ತೀ?"

"ಎಂಬತ್ತಕ್ಕ."

"ಅದಽ ಅತಿಶಯೋಕ್ತಿ. ನೀ ಏರಿಸಿ ಹೇಳಾಕತ್ತೀ ಅಂತ ಅವಗ ಗೊತ್ತು, ಅವಗ ಗೊತ್ತೈತಿ ಅಂತ ನಿನಗ ಗೊತ್ತು. ಇಪ್ಪತ್ತು ವರ್ಷದಿಂದ ದಿನಾ ಮಾಡಾಕತ್ತೀದಿ. ತಾ, ಇನ್ನೊಂದು ಟವೆಲ್."

ಒಂದೇ ಬೈಠಕಿನಲ್ಲಿ ಎರಡು ಅಲಂಕಾರ ಮಾರಿಬಿಟ್ಟರು. ಇವರು ಮಾಸ್ತರಕಿ ಮಾಡಿ ಜೀವ ಹಾಳು ಮಾಡಿಕೊಂಡರಲ್ಲ ಎಂದು ನನಗೆ ಮನಸಾರೆ ವ್ಯಥೆಯಾಯಿತು.

ರೂಪಕದ ದಿನ ನಾನೂ ಸಜ್ಜಾಗಿ ಹೋದೆ. "ಉಪಮೇದಾಗ 'ಹಂಗ' ಅನ್ನೂದು ಇರತೈತಿ. ರೂಪಕದಾಗ ಅದೂ ಇಲ್ಲ. ಮಾಲು ಕಡಿಮಿ, ದರ ಅಷ್ಟಽ ಅಂದ್ರ ಹೆಂಗ್ರಿ? ಕೈವಸ್ತ್ರ ಕೊಡ್ತೀನಿ, ಟವೆಲ್ ಇಲ್ಲ." ಮಾಸ್ತರು ಶಾಂತವಾಗಿ, "ಬಂಗಾರಾನೂ ಸಣ್ಣದಽ ಇರತೈತಿ ತಮ್ಮಾ" ಎಂದರು. ಟವೆಲ್ ಕೊಟ್ಟೆ.

ಮನೆಯಲ್ಲಿ ಗುಟ್ಟಾಗಿ ಅಭ್ಯಾಸ ನಡೆಯಿತು. ಒಮ್ಮೆ ಚುನಾವಣೆಯ ಕರಪತ್ರ ಸಿಕ್ಕಿತ್ತು: ನೀರಿಲ್ಲದಾಗ ಬಂದವರು ಯಾರು, ರಸ್ತೆ ಇಲ್ಲದಾಗ ಬಂದವರು ಯಾರು ಎಂದು ಒಂದೇ ಪ್ರಶ್ನೆಯನ್ನು ಮೇಲಿಂದ ಮೇಲೆ ಬಡಿಯುವ ಜಾತಿ. ಊಟಕ್ಕೆ ಕೂತಾಗ ಪ್ರಯೋಗಿಸಿದೆ. "ಪಲ್ಯಾಕ್ಕ ಉಪ್ಪು ಕಡಿಮಿ ಬಿದ್ದಾಗ ಸುಮ್ಮ ಇದ್ದವರು ಯಾರು? ಉಪ್ಪು ಹೆಚ್ಚು ಬಿದ್ದಾಗ ಸುಮ್ಮ ಇದ್ದವರು ಯಾರು?"

ಸುವರ್ಣಾ ರೊಟ್ಟಿ ಬಡಿಯುತ್ತಲೇ, "ಈಗ ಉಪ್ಪು ಬರಾಬರಿ ಬಿದ್ದಾಗ ಸುಮ್ಮ ಇರದವರು ಯಾರು?" ಎಂದಳು.

ನಾನು ಒಂದು ಟವೆಲ್ ಕೊಟ್ಟು ತಂದದ್ದು ಅವಳ ಬಳಿ ಪುಕ್ಕಟೆ ಇತ್ತು.

ಹೀಗೆ ಹನ್ನೊಂದಾದವು. ಹನ್ನೆರಡನೆಯದು ಎರಡು ವಿರುದ್ಧ ಮಾತುಗಳನ್ನು ತಕ್ಕಡಿಯ ಎರಡು ತಟ್ಟೆಯ ಹಾಗೆ ಒಂದೇ ವಾಕ್ಯದಲ್ಲಿ ತೂಗುವ ವಿದ್ಯೆ. ಅದಕ್ಕೆ ಮಾಸ್ತರು ಎರಡು ಟವೆಲ್ ಕೇಳಿದರು. ನಾನು "ಪರವಡಸೂದಿಲ್ರಿ, ಗಿಟ್ಟೂದಿಲ್ಲ" ಎಂದು ಎದ್ದೆ. ಎದ್ದು ಬಾಗಿಲ ತನಕ ನಿಧಾನ ನಡೆದರೆ ಅಂಗಡಿಯವ ಕರೆದೇ ಕರೆಯುತ್ತಾನೆ. ಇದು ನನ್ನ ಗಿರಾಕಿಗಳು ನನಗೇ ಕಲಿಸಿದ ಪಾಠ. ಬಾಗಿಲ ತನಕ ಹೋದೆ. ಚಪ್ಪಲಿಯನ್ನು ಎರಡು ಸಲ ಮೆಟ್ಟಿದೆ. ಮಾಸ್ತರು ಕರೆಯಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಹಿಂತಿರುಗಿ ನೋಡುತ್ತಾ ಹೋದೆ.

ಸತ್ಕಾರದ ದಿನ ಜೇಬಿನಲ್ಲಿ ಭಾಷಣ. ಅದರಲ್ಲಿ ಒಂದೂ ಟವೆಲ್ ಇರಲಿಲ್ಲ. ಟವೆಲ್ ಎಂದರೆ ಮತ್ತೆ ನಗುತ್ತಾರೆಂದು ಅಂಜಿ, ಮಾಸ್ತರರ ಗಂಟಿನಲ್ಲಿದ್ದ ಅತಿ ಚೆಂದದ ವಾಕ್ಯವೊಂದನ್ನು ಹೊಕ್ಕು ಬದಲಿಸದೆ ಇಡಿಯಾಗಿ ಇಟ್ಟುಕೊಂಡಿದ್ದೆ: "ಇವರು ಬರಿಯ ಮನುಷ್ಯರಲ್ಲ, ದಣಿದವರಿಗೆ ನೆರಳಾದ ಆಲದ ಮರ."

ಮೊದಲು ಊರಿನ ಒಬ್ಬ ಪುಢಾರಿ ಎದ್ದ. "ಕಲ್ಲಪ್ಪನವರು ಬರಿಯ ಮನುಷ್ಯರಲ್ಲ," ಎಂದು ಕೈ ಎತ್ತಿದ, "ದಣಿದವರಿಗೆ ನೆರಳಾದ ಆಲದ ಮರ!" ಚಪ್ಪಾಳೆ. ನಾನು ಜೇಬಿನ ಕಾಗದ ಮುಟ್ಟಿ ನೋಡಿಕೊಂಡೆ. ಎರಡನೆಯವರು ಪಕ್ಕದ ಮನೆಯವರು. ಮತ್ತೆ ಆಲದ ಮರ. ಚಪ್ಪಾಳೆ ತೆಳುವಾಯಿತು. ಮೂರನೆಯವನು ಮಲ್ಲು, ಅವನೂ ತಂದೆಯನ್ನು ಆಲದ ಮರ ಮಾಡಿದ. ಮುಂದಿನ ಸಾಲಿನಲ್ಲಿ ಸಿದ್ರಾಮಪ್ಪ ಮಾಸ್ತರು ಮಂಟಪದ ಛತ್ತು ನೋಡುತ್ತಿದ್ದರು. ಒಂದೇ ಥಾನಿನಲ್ಲಿ ಊರಿಗೆಲ್ಲ ಅಂಗಿ ಹೊಲಿದಿದ್ದರು! ಅಷ್ಟು ನೆರಳಿನಲ್ಲಿ ಮಾವನವರಿಗೆ ಜೊಂಪು ಹತ್ತಿತ್ತು.

ನನ್ನ ಹೆಸರು ಕೂಗಿದರು. ಸುವರ್ಣಾ ಹೆಂಗಸರ ಸಾಲಿನಲ್ಲಿ ನೆಲ ನೋಡಿದಳು.

ಮೇಜಿನ ಮೇಲೆ ಬಂದವರು ಹಾಕಿದ ಟವೆಲ್ಲುಗಳ ರಾಶಿ. ಮೇಲಿನದು ಕೆಂಪು, ಚೀಟಿಯ ಮೇಲೆ ನನ್ನ ಕೈಬರಹ, ಅಂಚಿನಲ್ಲಿ ಒಂದು ಎಳೆ ತಪ್ಪಿದ ಗೆರೆ. ನಾಲ್ಕು ವರ್ಷದ ಹಿಂದೆ ಮಲ್ಲುವಿನ ಮದುವೆಯಲ್ಲಿ ನಾನೇ ಒಬ್ಬರ ಹೆಗಲಿಗೆ ಹಾಕಿದ್ದು. ಅಂಗಡಿಯಲ್ಲಿ ಹೋಗದ ಮಾಲೆಂದು ಆರಿಸಿ ಹಾಕಿದ್ದು, ಮುಚ್ಚಿಡುವುದೇನು. ಊರೆಲ್ಲ ತಿರುಗಿ ಬಂದಿತ್ತು. ನಾನು ಜೇಬಿನ ಕಾಗದ ತೆಗೆಯದೆ ಆ ಟವೆಲ್ಲನ್ನೇ ಎತ್ತಿ ಝಾಡಿಸಿ ಬಿಚ್ಚಿದೆ. ಸತ್ಕಾರದ ಟವೆಲ್ ಬಿಚ್ಚುವುದೆಂದರೇನು! ಝಾಡಿಸಿದ ಸದ್ದಿಗೆ ಮಾವನವರಿಗೆ ಎಚ್ಚರವಾಯಿತು.

"ಈ ಟವೆಲ್ ನಂದಽ ಐತ್ರಿ. ನಾಕ್ ವರ್ಷದಾಗ ಎಷ್ಟ್ ಹೆಗಲ ನೋಡೇತೋ ಗೊತ್ತಿಲ್ಲ, ಒಂದ್ ಮುಖಾ ನೋಡಿಲ್ಲ. ನಾ ತಂದ ಭಾಷಣಾನೂ ಹಂಗಽ ಐತಿ. ಅದಕ್ಕ ಜೇಬಿನ್ಯಾಗಽ ಇರಲಿ. ನಾ ಹೆಣ್ಣು ನೋಡಾಕ ಬಂದಾಗ ಬ್ಯಾಸಿಗಿ. ಬಸ್ಸಿನ್ಯಾಗ ನಿಂತು ಬಂದು ಬೆವತು ನೀರಾಗಿದ್ದೆ. ಕೈಯಾಗ ಇವರಿಗೆ ತಂದ ಟವೆಲ್ ಇತ್ತು. ಮಾವಾರು ಅದನ್ನ ಇಸಗೊಂಡು, ಬಿಚ್ಚಿ, ನನಗಽ ಕೊಟ್ರು. 'ಮೊದಲ ಮುಖಾ ಒರಸ್ಕೊರಿ, ಹುಡಿಗಿ ಎಲ್ಲೂ ಓಡಿ ಹೋಗೂದಿಲ್ಲ' ಅಂದ್ರು. ಇಷ್ಟ್ ವರ್ಷ ಟವೆಲ್ ಮಾರೀನಿ. ಮರ್ಯಾದಿಗೆ ಬಂದ ಆಹೇರಿನ ಟವೆಲ್ ಬಿಚ್ಚಿ ಇನ್ನೊಬ್ಬರ ಬೆವರಿಗೆ ಕೊಟ್ಟವರನ್ನ ಇವರೊಬ್ಬರನ್ನಽ ನೋಡೀನಿ. ನಮ್ಮ ಮಾವಾರು ಆಲದ ಮರ ಅಲ್ರಿ. ಬಣ್ಣ ಬಿಡಲಾರದ ಟವೆಲ್!"

ಯಾರೂ ನಗಲಿಲ್ಲ. ಬಿಚ್ಚಿದ ಟವೆಲ್ಲನ್ನು ಮಾವನವರ ಹೆಗಲಿಗೆ ಹಾಕಿದೆ. ಅವರ ಕಣ್ಣು ತುಂಬಿತ್ತು, ಮುಖ ಬೆವರಿತ್ತು. ಟವೆಲ್ಲಿನ ತುದಿ ಹಿಡಿದು ಹಣೆಯಿಂದ ಗದ್ದದವರೆಗೆ ಚೆನ್ನಾಗಿ ಒರೆಸಿಕೊಂಡರು.

ಟವೆಲ್ ಕೆಳಗಿಳಿದಾಗ ಮುಖವೆಲ್ಲ ಕೆಂಪು. ಬಣ್ಣದ ಹಬ್ಬ ಆಡಿ ಬಂದವರಂತೆ ಕೂತಿದ್ದರು ಪಾಪ. ಮಾವನವರು ತಮ್ಮ ಅಂಗೈ ನೋಡಿಕೊಂಡರು, ಟವೆಲ್ ನೋಡಿದರು, ನನ್ನನ್ನು ನೋಡಿದರು. ಮೈಕನ್ನು ತಮ್ಮ ಕಡೆ ಎಳೆದುಕೊಂಡು ಹೇಳಿದರು:

"ಅಳಿಯಂದ್ರ ಮಾತು ಪಕ್ಕಾ ಆಗ್ಯಾವ, ಮಾಲು ಕಚ್ಚಾ ಆಗೇತಿ."

ಮಂಟಪ ಎದ್ದು ಕುಣಿಯಿತು. ಮುಂದಿನ ಸಾಲಿನಿಂದ ಸಿದ್ರಾಮಪ್ಪ ಮಾಸ್ತರು ಎರಡು ಬೆರಳೆತ್ತಿ ಕೂಗಿದರು: "ಇದಽ ನೋಡೋ, ಎರಡು ಟವೆಲ್ಲಿಂದು! ನೀ ಬ್ಯಾಡಂದಿದ್ದು!"

ಸುವರ್ಣಾ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅಕ್ಕಪಕ್ಕದವರ ಕಡೆ ನೋಡಿಕೊಂಡೇ ನಗುತ್ತಿದ್ದಳು, ನೆಲ ನೋಡುತ್ತ ಅಲ್ಲ. ಹಿಂತಿರುಗುವ ಬಸ್ಸಿನಲ್ಲಿ, ಮಾವನವರು ಮರಳಿ ನನ್ನ ಹೆಗಲಿಗೇ ಹಾಕಿ ಕಳಿಸಿದ ಆ ಒದ್ದೆ ಟವೆಲ್ ನಮ್ಮಿಬ್ಬರ ತೊಡೆಯ ಮೇಲಿತ್ತು. ಸೊಲ್ಲಾಪುರ ಹತ್ತಿರ ಬಂದಾಗ, "ಮುಂದಿನ ಸರ್ತಿ ತೊಳದು ತರ್ರಿ" ಎಂದಳು. ತೊಳೆಯುವ ಮಾತನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ಮುಂದಿನ ಸರ್ತಿ ಎಂದಳಲ್ಲ, ಅಷ್ಟೇ ಹಿಡಿದುಕೊಂಡೆ.

ಆ ಟವೆಲ್ಲಿಗೇ ಇವತ್ತು ಗಿರಾಕಿ ಹೊಸದರ ಎರಡು ಪಟ್ಟು ಹೇಳಿದ. ಹೊರಟವನ ಹಾಗೆ ಬಾಗಿಲ ತನಕವೂ ನಡೆದ, ಚಪ್ಪಲಿಯನ್ನು ಎರಡು ಸಲ ಮೆಟ್ಟಿದ. ನಾನು ಕರೆಯಲಿಲ್ಲ. ಅವನೇ ತಿರುಗಿ ಬಂದು ಐವತ್ತು ಹೊಸವು ಒಯ್ದ. ಕಟ್ಟುವ ಮೊದಲು ಒಂದನ್ನು ಬಿಚ್ಚಿ ಅವನ ಮುಖಕ್ಕೆ ಹಿಡಿದು, "ಹಾಕೂ ಮುಂದ ಹಿಂಗ ಬಿಚ್ಚಿ ಹಾಕ್ರಿ" ಎಂದೆ. ಅವನಿಗೆ ನನ್ನ ತಲೆ ಕೆಟ್ಟಿದೆ ಎನಿಸಿರಬೇಕು.

ನಿಮಗೂ ಅದನ್ನೇ ಹೇಳುತ್ತೇನೆ, ಪುಕ್ಕಟೆ. ಅಚ್ಚಾದ ಒಳ್ಳೆಯ ವಾಕ್ಯ ಕಂಡರೆ ನಾಚದೆ ಮನೆಗೆ ತನ್ನಿ, ಅದರ ಕಟ್ಟನ್ನು ಇಟ್ಟುಕೊಳ್ಳಿ. ಆದರೆ ಹೊಕ್ಕು ನಿಮ್ಮ ಮನೆಯದೇ ಇರಲಿ. ನಿಮ್ಮ ಅಂಗಳದಲ್ಲಿ ಆಲದ ಮರ ಇಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ. ಮಾಸ್ತರರ ಹತ್ತಿರ ಚೌಕಾಸಿ ಮಾಡಿ, ಕೊನೆಯ ಪಾಠ ಮಾತ್ರ ಬಿಡಬೇಡಿ. ಸತ್ಕಾರಕ್ಕೆ ಹೋಗುವ ಹಿಂದಿನ ದಿನ ಟವೆಲ್ಲನ್ನು ಉಪ್ಪುನೀರಿನಲ್ಲಿ ನೆನೆಯಿಡಿ, ಭಾಷಣವನ್ನು ಹೆಂಡತಿಯ ಮುಂದೆ ಓದಿ. ಬಿಡುವ ಬಣ್ಣ ಮನೆಯಲ್ಲೇ ಬಿಟ್ಟುಹೋಗಲಿ.