ಉಣ್ಣುವವನಿಲ್ಲದ ರೊಟ್ಟಿ

ಮೊನ್ನೆ ಯಂಕಂಚಿಗೆ ಹೋಗುವಾಗ ಸಿಂದಗಿಯ ಅಂಗಡಿಯೊಂದರಲ್ಲಿ ಕಡಕ್ ರೊಟ್ಟಿಯ ಪಾಕೀಟು ಕೊಂಡೆ. ದೊಡ್ಡಪ್ಪನ ಹೆಂಡತಿ, ನನ್ನ ದೊಡ್ಡವ್ವನಿಗೆ ಈಗ ರೊಟ್ಟಿ ಬಡಿಯಲು ಕೈ ಬರುವುದಿಲ್ಲ. ಅನುಕೂಲವಾಗಲಿ ಎಂಬುದು ನನ್ನ ಬುದ್ಧಿವಂತಿಕೆ. ಅವಳು ಒಂದನ್ನು ಬೆಳಕಿಗೆ ಹಿಡಿದು ಮೂಗು ಮುರಿದಳು.

"ಎವ್ವಾ! ಇದೇನು ರೊಟ್ಟಿನೋ ಹಪ್ಪಳೋ? ಒಂದು ಬೆರಳಿನ ಗುರ್ತ ಇಲ್ಲ. ಯಾರು ಬಡದದ್ದಂತ ಹೆಂಗ ಗೊತ್ತಾಗಬೇಕು?"

"ತಿನ್ನಾಕ ಅದ್ಯಾಕ ಗೊತ್ತಾಗಬೇಕ, ದೊಡ್ಡವ್ವ?" ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಇಷ್ಟು ವರ್ಷ ನಮಗಾರಿಗೂ ಹೇಳದಿದ್ದುದನ್ನು ಅಂದು ಹೇಳಿದಳು.

ಬಾಂಗ್ಲಾ ಯುದ್ಧದ ವರ್ಷ ಅವಳು ಹೊಸ ಸೊಸೆ. ದೊಡ್ಡಪ್ಪ ಮಿಲಿಟರಿಯಲ್ಲಿದ್ದ. ತಾಳಿಕೋಟೆ ಕಡೆಯ ಅವಳ ತವರಿನಲ್ಲಿ ಒಂದು ಪದ್ಧತಿಯಿತ್ತು: ದೂರ ಹೋದವರ ಪಾಲಿನ ರೊಟ್ಟಿಯನ್ನು ಅವರು ಬರುವವರೆಗೂ ದಿನಕ್ಕೊಂದು ತೆಗೆದಿಡಬೇಕು. ಚೆನ್ನಾಗಿ ಒಣಗಿಸಿದ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ತೊಲೆಗೆ ತೂಗುಹಾಕಿದ ಬುಟ್ಟಿಯೊಳಗೆ ಅವಳು ದಿನಾ ಕೈ ಎತ್ತಿ ಒಂದನ್ನು ಇಡುತ್ತ ಬಂದಳು.

ಅವಳ ಅತ್ತೆ, ಎಂದರೆ ನನ್ನ ಆಯಿ, ಬೆಂಕಿಯಂಥ ಹೆಂಗಸು. ಅವಳ ಬಾಯಿಂದ ಒಂದು ಮೆತ್ತನೆಯ ಮಾತನ್ನು ನಾನಂತೂ ಕೇಳಿಲ್ಲ. ಕುಡಗೋಲಿಗೆ ಬಲಗೈ ತೋರುಬೆರಳಿನ ತುದಿ ಹೋದ ಮೇಲೆ ರೊಟ್ಟಿ ಬಡಿಯುವುದನ್ನು ಸೊಸೆಗೇ ಬಿಟ್ಟಿದ್ದಳು. ಬಡಿದರೆ ಅಂಚು ದಪ್ಪ ಉಳಿಯುತ್ತಿತ್ತಂತೆ.

ಯುದ್ಧ ಶುರುವಾದ ಮೇಲೆ ಪತ್ರ ನಿಂತವು. ಎಳ್ಳಮಾವಾಸ್ಯೆಯ ಹೊತ್ತಿಗೆ ಲಡಾಯಿ ಮುಗಿಯಿತೆಂದು ರೇಡಿಯೋ ಹೇಳಿತು, ಆದರೂ ಪತ್ರವಿಲ್ಲ. ಆಮೇಲೆ ಆಲಮೇಲ ಕಡೆಯ ಸಿಪಾಯಿಯೊಬ್ಬ ತೀರಿಕೊಂಡ ಸುದ್ದಿ ಬಂತು. ಅಂದು ಬುಟ್ಟಿಗೆ ಕೈ ಎತ್ತಿದ ಸೊಸೆಯನ್ನು ನೋಡಿ ಆಯಿ ಸಿಡಿದಳು: "ಉಣ್ಣಾವ ಇಲ್ಲದ ರೊಟ್ಟಿ ಯಾರಿಗೆ ಬಡೀತಿ?"

"ಹಡದಾಕೀನ ಆಸೆ ಬಿಟ್ಟಳಂದ್ರ ನಾ ಯಾವ ಲೆಕ್ಕ?" ಎಂದಳು ದೊಡ್ಡವ್ವ. "ಕೌದಿ ಹೊಚ್ಚಿಕೊಂಡು ಬಿದ್ದೆ. ಮೂರು ದಿನ ಒಲಿ ಕಡೆ ಹಾಯಲಿಲ್ಲ."

ನಾಲ್ಕನೆಯ ದಿನ ಆಯಿಯೇ ಬೈದು ಎಬ್ಬಿಸಿದಳಂತೆ: "ಏಳ್, ಹಿಟ್ಟ ನಾದು. ಎಮ್ಮಿ ಹಂಗ ಬಿದ್ಕೊಂಡ್ರ ಕೂಳು ಯಾರ ಹಾಕ್ತಾರ?" ದೊಡ್ಡವ್ವ ಎದ್ದಳು. ಹಠಕ್ಕೆ ಮತ್ತೆ ಬುಟ್ಟಿಗೆ ಒಂದು ರೊಟ್ಟಿ ಇಟ್ಟಳು. ಈ ಸಲ ಆಯಿ ಅದನ್ನು ಕಂಡೂ ಒಲೆಗೆ ಕಟ್ಟಿಗೆ ಒಟ್ಟತೊಡಗಿದಳು.

ಹೋಳಿ ಹತ್ತಿರ ಬಂದಾಗ ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದ, ಬಲಗೈಗೆ ಪಟ್ಟಿ ಕಟ್ಟಿಕೊಂಡು. ಗುಂಡು ತಾಗಿ ಆಸ್ಪತ್ರೆಯಲ್ಲಿದ್ದನಂತೆ. ಬೇರೆಯವರ ಅಕ್ಷರದ ಪತ್ರ ಕಂಡರೆ ಮನೆಯವರು ಗಾಬರಿಯಾಗುತ್ತಾರೆಂದು ಬರೆಸಿರಲಿಲ್ಲವಂತೆ! ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಅನ್ನುತ್ತಾರಲ್ಲ, ಈ ಗಂಡಸಿನ ಬುದ್ಧಿ ಎಲ್ಲಿತ್ತೋ ಶಿವನೇ ಬಲ್ಲ.

ತನ್ನ ಪಾಲಿನ ರೊಟ್ಟಿ ಇವೆಯೆಂದು ಕೇಳಿದ್ದೇ ಅವನು ಬುಟ್ಟಿ ಇಳಿಸಿ, ಹಳೆಯವು ಮೇಲೆ ಬರುವಂತೆ ಬೋರಲು ಹಾಕಿಸಿದ. ಬಿಸಿ ರೊಟ್ಟಿ ಕೊಟ್ಟರೂ ಬೇಡವೆಂದ. ದಿನಾ ಅವನ್ನೇ ಹಾಲಿನಲ್ಲಿ ನೆನೆಸಿ ಎಡಗೈಯಿಂದ ತಿನ್ನುತ್ತಿದ್ದ. ಒಂದು ಮುಂಜಾನೆ ಕೈಗೆ ಬಂದ ರೊಟ್ಟಿಯ ಅಂಚನ್ನು ಸವರಿ ನೋಡಿದ. ಅದರ ಕೆಳಗಿನದನ್ನು ತೆಗೆದ, ಅದರ ಕೆಳಗಿನದನ್ನೂ ತೆಗೆದ.

"ಇವು ಮೂರು ಅವ್ವ ಬಡದದ್ದು," ಎಂದ.

"ಸುಮ್ ತಿನ್ನೋ," ಎಂದು ಆಯಿ ಗದರಿದಳು. "ರೊಟ್ಟಿ ಮ್ಯಾಲ ಹೆಸರು ಬರದಿರತೈತೇನು?" ಹಾಗೆನ್ನುತ್ತಲೇ ಒಲೆಯ ಕಡೆ ತಿರುಗಿಬಿಟ್ಟಳಂತೆ.

ಬೈಗುಳವಲ್ಲದೆ ಬೇರೇನೂ ಬಾರದವಳು ಎಂದು ನಾವು ಮೊಮ್ಮಕ್ಕಳೆಲ್ಲ ಅಣಕಿಸುತ್ತಿದ್ದ ಆಯಿ, ಆ ತುಂಡು ಬೆರಳಿನಲ್ಲಿ, ಸೊಸೆ ಕೌದಿಯೊಳಗೆ ಅಳುತ್ತ ಬಿದ್ದಿದ್ದಾಗ ಸದ್ದಿಲ್ಲದೆ ಮಗನ ಪಾಲಿನ ರೊಟ್ಟಿ ಬಡಿದು ಬುಟ್ಟಿಗಿಟ್ಟಿದ್ದಳು. ಎಂಥ ಹೆಂಗಸಪ್ಪಾ!

"ಆಮ್ಯಾಲ ನೀ ಆಯಿನ್ನ ಕೇಳಲಿಲ್ಲೇನು?"

"ಏನಂತ ಕೇಳಲಿ?" ದೊಡ್ಡವ್ವ ನನ್ನ ಪಾಕೀಟನ್ನು ಪಕ್ಕಕ್ಕೆ ಸರಿಸಿದಳು. "ಮೂರು ದಿನ ನಾ ನಿಮ್ಮ ದೊಡ್ಡಪ್ಪನ ಕೈ ಬಿಟ್ಟಿದ್ದೆ. ಆಕಿ ಬಿಟ್ಟಿದ್ದಿಲ್ಲ."