ಎಡಗೈಗೊಂದು ಅಗ್ಗದ ರೈಫಲ್

ರೈಫಲ್ ಕೊಳ್ಳಲು ಹೋದವರು ಗುಂಡು ಎಷ್ಟು ದೂರ ಹೋಗುತ್ತದೆ ಅಂತ ಕೇಳುತ್ತಾರೆ. ನಾನು ಕೇಳುತ್ತಿದ್ದದ್ದು ಒಂದೇ: ಬೋಲ್ಟಿನ ಹಿಡಿ ಯಾವ ಕಡೆಗಿದೆ? ಬೋಲ್ಟ್ ಅಂದರೆ ಬಾಗಿಲ ಚಿಲಕದಂಥ ಸರಳು. ಎತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಗೆ ಬೀಳುತ್ತದೆ, ಮುಂದಕ್ಕೆ ತಳ್ಳಿ ಮಡಚಿದರೆ ಹೊಸದು ಒಳಗೆ ಕೂರುತ್ತದೆ. ನನ್ನಂಥವನ ಕೈಗೆಟುಕುವ ರೈಫಲ್‌ಗಳಲ್ಲಿ ಆ ಹಿಡಿ ಬಲಕ್ಕೇ ಇರುತ್ತದೆ. ನಾನು ಎಡಚ.

ಬೇಟೆಯ ಕಥೆ ಅಂದುಕೊಂಡವರು ಇಲ್ಲೇ ಇಳಿದುಕೊಳ್ಳಿ. ಕೃಷ್ಣಮೃಗ ಹಾಗಿರಲಿ, ನಾನು ಕಾಗೆಗೂ ಗುರಿಯಿಟ್ಟವನಲ್ಲ. ಹಾಳೆಗೆ ಹೊಡೆಯುತ್ತೇನೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನನ್ನದು. ಐವತ್ತು ದಾಟಿದೆ. ಮದುವೆ ಆಗಿತ್ತು, ನಿಲ್ಲಲಿಲ್ಲ. ತಪ್ಪು ಯಾರದು ಅಂತ ಕೇಳಬೇಡಿ, ಇಬ್ಬರದೂ. ಮಾರುಕಟ್ಟೆಯ ದಿನ ನೂರು ಜನ ಮಾತಾಡಿಸುತ್ತಾರೆ, ನೂರೂ ಜನ ಮೆಣಸಿನಕಾಯಿ ಬಗ್ಗೆಯೇ. ಭಾನುವಾರ ಒಬ್ಬರೂ ಇಲ್ಲ. ಒಂದು ಭಾನುವಾರ ಸಂಜೆ ಫೋನ್ ಬಂತು. ಹಲೋ ಅಂದರೆ ದನಿ ಹೊರಡಲಿಲ್ಲ. ಬೆಳಗಿನಿಂದ ನಾನು ಬಾಯಿಯನ್ನೇ ಬಿಟ್ಟಿರಲಿಲ್ಲ ಅಂತ ಆಗ ಗೊತ್ತಾಯಿತು. ಆ ಫೋನೂ ರಾಂಗ್ ನಂಬರ್.

ಮುಂದಿನ ವಾರ ರಾಣೆಬೆನ್ನೂರಿನ ಹೊರಗಿನ ಗುರಿಗಾರರ ಕ್ಲಬ್ಬಿಗೆ ಹೆಸರು ಹಚ್ಚಿದೆ. ಕ್ಲಬ್ಬು ಅಂದರೆ ದೊಡ್ಡದೇನಲ್ಲ. ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ಏಳು ಕಲ್ಲಿನ ಮೇಜು, ನೂರು ಮೀಟರ್ ಆಚೆ ಮಣ್ಣಿನ ದಿಬ್ಬ. ಬೀರುವಿನಲ್ಲಿ ಪಾಯಿಂಟ್ ಟೂ ಟೂ ಅಳತೆಯ, ಕ್ಲಬ್ಬಿನದೇ ಎರಡು ರೈಫಲ್. ಆ ಸಣ್ಣ ಗುಂಡಿಗೆ ನೂರು ಮೀಟರ್ ಅಂದರೆ ಬಲು ದೂರ. ಹೊಲದ ಕಡೆಯಿಂದ ಗಾಳಿ ಬಂದರೆ ಅಂಗೈ ಅಗಲ ಪಕ್ಕಕ್ಕೆ ಸರಿದುಬಿಡುತ್ತದೆ.

ಮೇಜಿಗೆ ಕೂತು, ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಹೊಡೆಯಬೇಕು. ಬಲಗೈಯವರು ಕೂರುವಾಗ ಮೈ ಸ್ವಲ್ಪ ಬಲಕ್ಕೆ ತಿರುಗುತ್ತದೆ. ಹಾಗಾಗಿ ಎಲ್ಲರಿಗೂ ಕಾಣುವುದು ಪಕ್ಕದವನ ಬೆನ್ನು. ಬಲಗೈಲೇ ಹೊಡೆಯಬೇಕೆಂದುಕೊಂಡು ನಾನೂ ಹಾಗೇ ಕೂತೆ. ಬಲಕ್ಕಿದ್ದವರು ಒಬ್ಬ ನಿವೃತ್ತ ಮಾಸ್ತರರು. ಒಂದು ವರ್ಷ ಭಾನುವಾರವೆಂದರೆ ನನಗೆ ಅವರ ಬೆನ್ನು, ಬೂದು ಸ್ವೆಟರಿನ ಬೆನ್ನು. ಐದು ಗುಂಡಿಗೊಮ್ಮೆ ಆ ಬೆನ್ನು ತಿರುಗಿ ಮಾತಾಡುತ್ತಿತ್ತು.

"ಏನ್ರಿ ದಲಾಲ್ರ, ಹಾಳಿಗೆ ಹೊಡ್ಯಾಕತ್ತೀರೋ, ದಿಬ್ಬಕ್ಕ ಬಿತ್ತಾಕತ್ತೀರೋ?"

"ಬಿತ್ತಾಕತ್ತೇನ್ರಿ ಸರ. ಬೆಳಿ ಬಂದ್ರ ನಿಮಗೂ ಒಂದ ಚೀಲ ಕಳಸ್ತೇನಿ."

"ನನಗ ಬ್ಯಾಡ್ರಿ. ಮೊದಲ ಮೂಲವ್ಯಾಧಿ."

ಆಮೇಲೆ ಅವರ ಫ್ಲಾಸ್ಕಿನ ಚಹಾ, ನಾನು ಒಯ್ದ ಗಿರ್ಮಿಟ್. ಇಷ್ಟೇ. ಇಷ್ಟಕ್ಕಾಗಿ ನಾನು ಶನಿವಾರ ರಾತ್ರಿಯೇ ಅಂಗಿಗೆ ಇಸ್ತ್ರಿ ಮಾಡಿಕೊಳ್ಳುತ್ತಿದ್ದೆ.

ಲೈಸೆನ್ಸಿಗೆ ಅರ್ಜಿ ಹಾಕಿದಾಗ ಪೊಲೀಸರು ಬಂದು ಪಕ್ಕದ ಮನೆಯಲ್ಲಿ ವಿಚಾರಿಸಿದರು. ನಾನು ಒಳಗಿಂದ ಕೇಳಿಸಿಕೊಂಡೆ.

"ಆಂವ ಹೆಂಗ್ರಿ, ಜಗಳಾ ಪಗಳಾ?"

"ಅವರಾ? ಇದ್ದಾರಂತನ ಗೊತ್ತಾಗೂದಿಲ್ಲ ಬಿಡ್ರಿ."

ಅದೇ ನನ್ನ ನಡತೆ ಪ್ರಮಾಣಪತ್ರ. ಲೈಸೆನ್ಸ್ ಬಂತು. ಕೊಳ್ಳುವುದು ಒಂದೇ ರೈಫಲ್ ಅಂತ ನಾನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ತಂದ ಮೇಲೆ ಬೇಡವಾಯಿತು, ಬದಲಿಸುತ್ತೇನೆ ಅಂದರೆ ಮತ್ತೆ ಅಷ್ಟೂ ಕಚೇರಿ ತಿರುಗಬೇಕು. ಅದು ನನ್ನಿಂದಾಗದ ಕೆಲಸ.

ಹಾವೇರಿಯಲ್ಲಿ ಒಂದು ಹಳೆಯ ಬಂದೂಕಿನ ಅಂಗಡಿ. ಮಾಲೀಕರಿಗೆ ಎಪ್ಪತ್ತರ ಮೇಲಾಗಿದೆ, ಊರಿಗೆಲ್ಲ ಚಾಚಾ. ಕ್ಲಬ್ಬಿನಲ್ಲಿ ಮೇಜಿಗೆ ಕೂತು ಬಲಗೈಲಿ ಹೊಡೆಯುತ್ತೇನೆ ಅಂದೆ. ಅವರು ಟೇಬಲ್ ಮೇಲೆ ಪಾಯಿಂಟ್ ಟೂ ಟೂ ರೈಫಲ್ ಎರಡು ಇಟ್ಟರು. ಒಂದು ಸೆಕೆಂಡ್ ಹ್ಯಾಂಡ್, ವಿದೇಶದ್ದು. ಕಟ್ಟಿಗೆಯಲ್ಲಿ ಎಳೆಎಳೆಯಾಗಿ ಕೆಂಪು ಓಡಿತ್ತು. ಇನ್ನೊಂದು ನಮ್ಮ ದೇಶದ್ದೇ, ಹೊಸದು, ನೋಡಲು ಒನಕೆಯ ಹಾಗೆ. ನನ್ನ ಕೈ ಕೆಂಪಿನ ಕಡೆಗೇ ಹೋಯಿತು. ಕಟ್ಟಿಗೆ ಸವರಿದೆ, ಉಗುರಿನಿಂದ ಗೀರಿದೆ, ಮೂಗಿಗೂ ಹಿಡಿದೆ.

"ಇದೇನ ಕಡ್ಡಿ ಕಾಯಿನೋ ಡಬ್ಬಿ ಕಾಯಿನೋ ನೋಡಾಕತ್ತೀರೇನ್ರಿ?" ಅಂದರು ಚಾಚಾ. "ಮೆಣಸಿನಕಾಯಿ ನೋಡಿದಂಗ ಬಂದೂಕ ನೋಡಬ್ಯಾಡ್ರಿ. ಬಣ್ಣ ಗುಂಡ ಹಾರಸೂದಿಲ್ಲ. ಆ ಫ್ಯಾನಿಗೆ ಬೆರಳ ತೋರಸ್ರಿ."

ತೋರಿಸಿದೆ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಅಂದರು. ಎಡಗಣ್ಣು ಮುಚ್ಚಿದಾಗ ಬೆರಳು ಫ್ಯಾನ್ ಬಿಟ್ಟು ಜಿಗಿಯಿತು. ಬಲಗಣ್ಣು ಮುಚ್ಚಿದಾಗ ಕದಲಲಿಲ್ಲ.

"ನಿಮ್ಮ ಯಜಮಾನ ಎಡಗಣ್ಣು. ಬಲಗೈಲೇ ಯಾಕ ಹೊಡೀತೀರಿ?"

"ರೂಢಿರಿ."

ಚಾಚಾ ಆ ಕೆಂಪಿನದರ ಬೋಲ್ಟ್ ತೆಗೆದು ಖಾಲಿ ಇದೆಯೆಂದು ತೋರಿಸಿ, ಗೋಡೆಯ ಕಡೆ ಹಿಡಿಸಿ ಟ್ರಿಗರ್ ಒತ್ತಲು ಹೇಳಿದರು. ಬಲಬೆರಳಿನಿಂದ ಒತ್ತಿದೆ. ಏನೂ ಗೊತ್ತಾಗಲಿಲ್ಲ, ಒಮ್ಮೆಲೇ ಟಕ್ ಅಂತು. ಎಡಗೈಗೆ ಬದಲಿಸಿದೆ. ಮೊದಲು ಸಡಿಲ ಬಂತು, ಆಮೇಲೆ ತಡೆ, ತಡೆಯ ಕೊನೆಯಲ್ಲಿ ಗಾಜಿನ ಕಡ್ಡಿ ಮುರಿದಂತೆ ಟಕ್. ಅಷ್ಟು ಸಣ್ಣ ಜಾಗದಲ್ಲಿ ಅಷ್ಟೆಲ್ಲ ಇದೆ ಅಂತ ನನಗೆ ಒಂದು ವರ್ಷ ಗೊತ್ತೇ ಇರಲಿಲ್ಲ.

ಬಲಬೆರಳು ಹೀಗಾದ ಕಾರಣ ಗೊತ್ತಿತ್ತು. ಎಂಟು ವರ್ಷದವನಿದ್ದಾಗ ಅಪ್ಪ ನನ್ನನ್ನು ಅಂಗಡಿಯಲ್ಲಿ ಕೂರಿಸಿ, ಎಡಗೈಯನ್ನು ಬೆನ್ನಿಗೆ ಸುತಳಿಯಿಂದ ಕಟ್ಟಿದ್ದ. "ಎಡಗೈಲೇ ಕಾಯಿ ತೋರ್ಸಿದ್ರ ಖರೀದಿದಾರ ಮುಂದಿನ ಅಂಗಡಿಗೆ ಹೋಗ್ತಾನ, ತಮ್ಮಾ." ಸಿಟ್ಟಿನಿಂದ ಹೇಳಿದ್ದಲ್ಲ. ನಮ್ಮ ಪೇಟೆಯಲ್ಲಿ ಅದು ನಿಜವೇ ಆಗಿತ್ತು. ಅಂದಿನಿಂದ ಚೀಲದೊಳಗೆ ಹೋಗಿದ್ದೆಲ್ಲ ಬಲಗೈ. ಒಣಗಿದೆಯೋ ಅಂತ ಒತ್ತಿದ್ದು, ತೊಟ್ಟು ಮುರಿದದ್ದು, ಬೀಜ ಬಿಡಿಸಿದ್ದು ಎಲ್ಲ ಅದೇ. ನಲವತ್ತು ವರ್ಷ ಖಾರದಲ್ಲಿ ಬೆಂದು ಆ ಬೆರಳ ತುದಿ ಜಡ್ಡುಗಟ್ಟಿದೆ. ಚಹಾದ ಗ್ಲಾಸು ಸುಡುತ್ತಿದೆಯೋ ಆರಿದೆಯೋ ಅದಕ್ಕೆ ತಿಳಿಯದು. ಯಾರೂ ಮುಟ್ಟಗೊಡದ ಎಡಗೈ ಮಾತ್ರ ಗುಮಾಸ್ತರ ಕೈ ಹಾಗೆ ಮೆತ್ತಗೆ ಉಳಿದುಬಿಟ್ಟಿದೆ.

"ಎಡಕ್ಕ ಬೋಲ್ಟ ಇರೋದು ಸಿಗೂದಿಲ್ಲೇನ್ರಿ ಚಾಚಾ?"

"ಸಿಗತೈತಿ, ಪರದೇಶದ್ದು. ಅದನ್ನ ತಗೊಂಡ್ರ ನೀವು ಅಂಗಡಿ ಕೀಲಿ ನನಗ ಕೊಟ್ಟ ಹೋಗಬೇಕಾಕ್ಕತಿ." ಆಮೇಲೆ ಒನಕೆಯನ್ನು ನನ್ನ ಕಡೆ ಸರಿಸಿದರು. "ಇದನ್ನ ನೋಡ್ರಿ. ಆ ಚಂದ ಕಾಣೂದು ಕೆನ್ನಿ ಇಡೂ ಕಡೆ ಉಬ್ಬೈತಿ, ಬಲಗೈಯವ್ರಿಗೆ ಮಾಡಿದ್ದು. ಇದರ ಕಟಗಿ ಎರಡೂ ಕಡೆ ಸಪಾಟ. ನೀವು ಮೇಜಿನ ಮ್ಯಾಲೆ ಹೊಡ್ಯಾವ್ರು, ಚೀಲ ಬಂದೂಕ ಹಿಡ್ಕೊಂಡಿರತೈತಿ. ಎಡಗೈ ಟ್ರಿಗರ್ ಬಿಡೂದ ಬ್ಯಾಡ, ಖಾಲಿ ಇರೋ ಬಲಗೈಲೇ ಬೋಲ್ಟ ಎಳೀರಿ. ಟ್ರಿಗರ್ ಬಿರುಸೈತಿ, ಅದನ್ನ ನಾ ಹಗೂರ ಮಾಡಿ ಕೊಡತೇನಿ."

ಮಾತು ಸರಿಯಿತ್ತು. ಆದರೂ ಒಂದು ವಾರ ತಡೆಯಿರಿ ಅಂದು ಬಂದೆ. ಯಾಕೆಂದರೆ ಕ್ಲಬ್ಬಿನ ಕಾರ್ಯದರ್ಶಿಗಳು ಎಡಚರ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಎಡಗೈಲೇ ಹೊಡೆಯುವವನು ಎಡಕ್ಕೆ ತಿರುಗಿ ಕೂರುತ್ತಾನೆ. ಅಂಥವನಿಗೆ ಎಡತುದಿಯ ಒಂದನೇ ಮೇಜು, ಮುಖ ಗೋಡೆಗೆ. ಅಲ್ಲಿಂದ ಮಾಸ್ತರರ ಮೇಜು ಐದನೆಯದು, ಅದೂ ನನ್ನ ಬೆನ್ನ ಹಿಂದೆ.

ಆ ಭಾನುವಾರ ಕೇಳಿಯೇಬಿಟ್ಟೆ. "ಮಾಸ್ತರ್ರ ಬಲಕ್ಕ ಆರನೇ ಮೇಜು ಖಾಲಿ ಐತಲ್ರಿ, ಅಲ್ಲಿ ಕುಂಡ್ರಲೇನು?"

"ಎದುರಾ ಬದುರಾ ಮಾರಿ ಆಕ್ಕಾವ್ರಿ," ಅಂದರು ಕಾರ್ಯದರ್ಶಿ. "ಗುರಿ ಹಿಡಿಯೂ ಮುಂದ ಕಣ್ಣ ಕದಲ್ತಾವ. ಅವರು ಒಪ್ಪಿದ್ರ ನಂದೇನಿಲ್ಲ."

ನಾನು ಮಾಸ್ತರರನ್ನು ನೋಡಿದೆ. ಅವರು ಫ್ಲಾಸ್ಕಿನ ಮುಚ್ಚಳ ತಿರುವುತ್ತಿದ್ದರು.

"ಬ್ಯಾಡ್ರಿ ದಲಾಲ್ರ," ಅಂದರು. "ಸಿಟ್ಟಾಗಬ್ಯಾಡ್ರಿ. ಮೂವತ್ತ ವರ್ಷ ಹುಡುಗರ ಮಾರಿ ನೋಡೇನಿ. ಇಲ್ಲಿಗೆ ಬರೂದ ಯಾರ ಮಾರೀನೂ ನೋಡಬಾರ್ದಂತ. ನೀವು ಬಲಗೈಲೇ ಹೊಡೀರಲಾ. ಅರ್ಧ ಕಲ್ತಬಿಟ್ಟೀರಿ. ಗ್ವಾಡಿ ಜೋಡಿ ಏನ ಮಾತಾಡ್ತೀರಿ?"

ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಉಳಿದವರೆಲ್ಲ ಹೋಗುವವರೆಗೆ ಕಾದು, ಕಾರ್ಯದರ್ಶಿಗಳ ಅಪ್ಪಣೆ ಪಡೆದು, ಕ್ಲಬ್ಬಿನ ರೈಫಲ್‌ನಲ್ಲೇ ಐದು ಗುಂಡು ಬಲಗೈಲಿ, ಐದು ಎಡಗೈಲಿ ಹೊಡೆದೆ. ಸುಟ್ಟ ತೋಟಾ ಒಂದು ಅಂಗಿಯ ಬಲತೋಳಿನೊಳಗೆ ಬಿದ್ದು ಚುರ್ ಅಂತು. ನಡೆದು ಹೋಗಿ ಹಾಳೆ ತಂದೆ. ಬಲಗೈಯ ಐದು ಹಾಳೆಯ ತುಂಬ ಚೆಲ್ಲಾಡಿದ್ದವು, ಒಂದಂತೂ ಹಾಳೆಯಲ್ಲೇ ಇರಲಿಲ್ಲ. ಎಡಗೈಯ ಐದರ ಮೇಲೆ ಚಹಾದ ಗ್ಲಾಸು ಬೋರಲಿಟ್ಟರೆ ಐದೂ ಮುಚ್ಚಿಹೋದವು. ಜೀವನದಲ್ಲಿ ಮೊದಲ ಸಲ, ಇದು ನನ್ನ ಕೈ ಮಾಡಿದ ಕೆಲಸ ಅನಿಸಿತು. ತೋರಿಸಲು ಆಚೀಚೆ ನೋಡಿದೆ. ಕಾರ್ಯದರ್ಶಿಗಳು ಬೀರುವಿನ ಕೀಲಿ ಹಿಡಿದು, ಲಗೂ ಮಾಡ್ರಿ ಅನ್ನುತ್ತಿದ್ದರು.

ಬುಧವಾರ ಹಾವೇರಿಗೆ ಹೋಗಿ ಒನಕೆಯನ್ನೇ ತಂದೆ.

ಈಗ ನನ್ನದು ಒಂದನೇ ಮೇಜು. ಗೋಡೆ ಮೂರು ಮೊಳ ದೂರ. ನನ್ನ ಹಳೆಯ ಜಾಗಕ್ಕೆ ಹಾವೇರಿಯ ಔಷಧ ಅಂಗಡಿಯವರು ಬಂದಿದ್ದಾರೆ. ಮಾಸ್ತರರು ಅವರನ್ನು ಬಯ್ಯುವುದು ಕಿವಿಮುಚ್ಚಳದ ಒಳಗೂ ಗುಂಯ್ ಅಂತ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಚಹಾದ ಹೊತ್ತಿಗೆ ನಾನು ಅಲ್ಲಿ ಮುಟ್ಟುವಷ್ಟರಲ್ಲಿ ನಗು ಮುಗಿದಿರುತ್ತದೆ. ಇದೇ ಸರಿಯಾಯಿತೇ ಅಂತ ಕೇಳಿದರೆ, ನನಗೆ ಎರಡೂ ಬೇಕಿತ್ತು.

ಕಳೆದ ಭಾನುವಾರ ಗಾಳಿ ಇರಲಿಲ್ಲ. ಐದು ಗುಂಡೂ ಒಂದಕ್ಕೊಂದು ತಾಗಿ ಒಂದೇ ತೂತಾಯಿತು. ಹಾಳೆ ಹಿಡಿದು ಐದನೇ ಮೇಜಿಗೆ ಹೋದೆ. ಮಾಸ್ತರರು ಕನ್ನಡಕ ಮೇಲೇರಿಸಿ, ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಿಮ್ಮದ ಏನ್ರಿ?"

"ನಂದ ರಿ, ಸರ."

"ಹಂಗಿದ್ರ ಎದ್ದ ಇಲ್ಲಿಗ್ಯಾಕ ಬಂದ್ರಿ? ಕೈ ಕುಂತೈತಿ, ಹೋಗಿ ಹೊಡೀರಿ."

ಹಾಳೆಯನ್ನು ನೀಟಾಗಿ ಮಡಚಿ ಕೊಟ್ಟು, ಬಲಕ್ಕೆ ತಿರುಗಿ ಕೂತರು. ಆ ಬೂದು ಸ್ವೆಟರನ್ನು ಒಂದು ಕ್ಷಣ ನೋಡುತ್ತ ನಿಂತೆ. ಆಮೇಲೆ ನಾಲ್ಕು ಮೇಜು ದಾಟಿ ನನ್ನ ಜಾಗಕ್ಕೆ ಬಂದು, ಗೋಡೆಯ ಕಡೆ ಮುಖ ಮಾಡಿ, ಬಲಗೈಯಿಂದ ಬೋಲ್ಟ್ ಎಳೆದೆ.